ಕ್ಯಾರವಾನ್‌ನ ಗ್ಯಾಸ್ ಸಿಲಿಂಡರ್ ಬದಲಿಸುವ ಕ್ರಮ

ಮನೆಯ 14.2 ಕೆಜಿ ಸಿಲಿಂಡರನ್ನು ತಲೆಕೆಳಗು ಮಾಡಿ ಕ್ಯಾರವಾನಿನ, ಅಂದರೆ ಅಡುಗೆ ಮಾಡಿ ಮಲಗುವ ಗಾಡಿಯ, ಸಣ್ಣ ಸಿಲಿಂಡರಿಗೆ ಗ್ಯಾಸ್ ಇಳಿಸಿಕೊಡುವವರು ಅಲ್ಲಲ್ಲಿ ಇದ್ದಾರೆ. ಅತ್ತ ಸುಳಿಯಲೇಬೇಡಿ. ಅದು ಕಾನೂನುಬಾಹಿರ ಎನ್ನುವುದು ಇರಲಿ, ದ್ರವರೂಪದ ಗ್ಯಾಸ್ ಬಿಸಿಗೆ ಹಿಗ್ಗಲು ಸಿಲಿಂಡರಿನೊಳಗೆ ಖಾಲಿ ಜಾಗ ಬೇಕು. ಬಾಟ್ಲಿಂಗ್ ಪ್ಲಾಂಟಿನಲ್ಲಿ ತೂಕ ನೋಡಿ ಆ ಜಾಗ ಬಿಡುತ್ತಾರೆ. ಅಂದಾಜಿನಲ್ಲಿ ತುಂಬುವವನಿಗೆ ಮಿತಿ ಗೊತ್ತಾಗುವುದಿಲ್ಲ. ಕಂಠಮಟ್ಟ ತುಂಬಿದ ಸಿಲಿಂಡರ್, ಮಲ್ಪೆ ಬೀಚಿನ ಬಿಸಿಲಿಗೆ ನಿಲ್ಲಿಸಿದ ಗಾಡಿಯೊಳಗೆ ಇದ್ದರೆ ಒಡೆಯುವಷ್ಟು ಒತ್ತಡ ಬರಬಹುದು. ಆಟೋ ಎಲ್‌ಪಿಜಿ ಬಂಕಿನಲ್ಲಿ ಅಡುಗೆ ಸಿಲಿಂಡರ್ ತುಂಬಿಸುವುದಕ್ಕೂ ಇದೇ ಮಾತು.

ಗಾಡಿಗೆ ಹೊಂದುವುದು 5 ಕೆಜಿಯ ಸಿಲಿಂಡರ್, ಇಂಡೇನ್‌ನ ಛೋಟು ಥರದ್ದು. ಗುರುತಿನ ಚೀಟಿ ತೋರಿಸಿದರೆ ಸಾಕು. ಏಜೆನ್ಸಿಯಲ್ಲೋ ಕೆಲವು ಪೆಟ್ರೋಲ್ ಬಂಕುಗಳಲ್ಲೋ ಖಾಲಿಯದ್ದು ಕೊಟ್ಟು ತುಂಬಿದ್ದು ತರಬಹುದು, ಆದರೆ ಕಂಪನಿ ಅದೇ ಇರಬೇಕು. ಒಂದು ಬರ್ನರ್ ಜೋರಾಗಿ ಉರಿದರೆ ಗಂಟೆಗೆ 150ರಿಂದ 200 ಗ್ರಾಂ ಖರ್ಚು. ಉಳಿದ ಲೆಕ್ಕ ನಿಮಗೇ ಸಿಗುತ್ತದೆ.

ಅಂಗಡಿಯಲ್ಲೇ ತೂಗಿಸಿ. ಸಿಲಿಂಡರಿನ ಮೇಲೆ ಖಾಲಿ ತೂಕ 7.5 ಎಂದಿದ್ದರೆ ತಕ್ಕಡಿ 12.5 ತೋರಿಸಬೇಕು. ಹಿಡಿಕೆಯ ಒಳಬದಿಯಲ್ಲಿ ಸಿಲಿಂಡರಿನ ಮುಂದಿನ ತಪಾಸಣೆಯ ಗಡುವನ್ನು ಬಿ-28 ಎಂಬಂತೆ ಬರೆದಿರುತ್ತದೆ. 28 ಅಂದರೆ 2028ನೇ ಇಸವಿ; ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲ್‌ನಿಂದ ಜೂನ್, ಹೀಗೆ ಡಿ ತನಕ. ಆ ತಪಾಸಣೆ ಗಡುವು ದಾಟಿದ್ದರೆ ವಾಪಸ್ ಕೊಡಿ.

ಬದಲಿಸುವಾಗ ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ಗ್ಯಾಸ್‌ನಲ್ಲಿ ಓಡುವ ಫ್ರಿಜ್ ಇದ್ದರೆ ಅದನ್ನೂ ಆರಿಸಿ; ಅದರೊಳಗಿನ ಪುಟ್ಟ ಉರಿ ಕಣ್ಣಿಗೆ ಬೀಳದೆ ಮರೆತೇಹೋಗುತ್ತದೆ. ಹಳೆಯದರ ರೆಗ್ಯುಲೇಟರ್ ಆಫ್ ಮಾಡಿ ತೆಗೆದು, ಕ್ಯಾಪ್ ಹಾಕಿ. ಹೊಸದರ ಕ್ಯಾಪ್ ತೆಗೆದ ಮೇಲೆ ವಾಲ್ವಿನೊಳಗಿನ ರಬ್ಬರ್ ರಿಂಗ್ ನೋಡಿ. ಅದು ಇಲ್ಲದಿದ್ದರೆ, ಸೀಳಿದ್ದರೆ, ಸೋರಿಕೆ ಖಂಡಿತ. ರೆಗ್ಯುಲೇಟರ್ ಕೂರಿಸಿ ಆನ್ ಮಾಡಿ, ವಾಲ್ವಿಗೂ ಪೈಪಿನ ಎರಡೂ ತುದಿಗೂ ಸಾಬೂನು ನೊರೆ ಹಚ್ಚಿ. ಗುಳ್ಳೆ ಎದ್ದರೆ ಅಲ್ಲೇ ಸೋರಿಕೆ. ಬೆಂಕಿಕಡ್ಡಿ ಗೀರಿ ಪರೀಕ್ಷಿಸುವ ಚಾಳಿ ಬೇಡ.

ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಬೆಲ್ಟ್ ಬಿಗಿಯಿರಿ. ಮಲಗಿಸಿದರೆ ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. ಗ್ಯಾಸ್ ಗಾಳಿಗಿಂತ ಭಾರ, ಸೋರಿದ್ದು ಕೆಳಗೇ ಶೇಖರವಾಗುತ್ತದೆ. ಹಾಗಾಗಿ ಸಿಲಿಂಡರ್ ಗೂಡಿನ ತಳದಲ್ಲಿ ಹೊರಕ್ಕೆ ತೆರೆಯುವ ಕಿಂಡಿ ಇರಲೇಬೇಕು, ಗೂಡಿನಿಂದ ಮಲಗುವ ಕಡೆಗೆ ಸಂದು ಇರಬಾರದು. ಮರವಂತೆ, ಪಣಂಬೂರು ಕಡೆ ನಿಲ್ಲಿಸಿದ ಗಾಡಿಗಳಲ್ಲಿ ಈ ಕಿಂಡಿಯ ಜಾಲರಿಗೆ ಮರಳು, ತುಕ್ಕು ಸೇರಿ ಗಟ್ಟಿಯಾಗುತ್ತದೆ. ಉಪ್ಪುಗಾಳಿಗೆ ಪೈಪಿನ ಕ್ಲಿಪ್ ಕೂಡ ಬೇಗ ಹಾಳು. ಮಳೆಗಾಲ ಮುಗಿದೊಡನೆ ಎರಡನ್ನೂ ನೋಡಿ. ಐಎಸ್‌ಐ ಗುರುತಿನ ಸುರಕ್ಷಾ ಪೈಪ್ ಬಿರುಕು ಬಿಡದಿದ್ದರೂ 5 ವರ್ಷಕ್ಕೆ ಬದಲಿಸಬೇಕು.

ಶಿರಾಡಿಯೋ ಆಗುಂಬೆಯೋ, ಗಾಡಿ ಹೊರಡುವ ಮುಂಚೆ ರೆಗ್ಯುಲೇಟರ್ ಆಫ್ ಆಗಿರಲಿ. ಆಷಾಢದ ಮಳೆಗೆ ಕಿಟಕಿ ಪೂರ್ತಿ ಮುಚ್ಚಿ ಒಲೆ ಉರಿಸಬೇಡಿ, ಉರಿಯಿಂದ ಬರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ, ಫ್ಯಾನಿನದ್ದನ್ನೂ, ಮುಟ್ಟದೆ ರೆಗ್ಯುಲೇಟರ್ ಆಫ್ ಮಾಡಿ, ಬಾಗಿಲು ತೆರೆದು ಎಲ್ಲರನ್ನೂ ಇಳಿಸಿ, ದೂರ ಹೋಗಿ ಗ್ಯಾಸ್ ಸೋರಿಕೆಯ ತುರ್ತು ಸಹಾಯವಾಣಿ 1906ಕ್ಕೆ ಕರೆ ಮಾಡಿ.