ಮುದ್ದೆ ಬಿಡದೆ 61.2ಕ್ಕೆ ಇಳಿದದ್ದು

ತುಮಕೂರಿನಲ್ಲೇ ಇದ್ದು, ಮನೆಯ ಮುದ್ದೆಯನ್ನೂ ಉಂಡು ಎಂಎಂಎಯ (ಬಾಕ್ಸಿಂಗ್, ಕುಸ್ತಿ ಎಲ್ಲ ಬೆರೆತ ಕೇಜಿನೊಳಗಿನ ಕಾದಾಟದ) ಬ್ಯಾಂಟಮ್‌ವೇಟ್ ತೂಕವರ್ಗದ ಮಿತಿಯಾದ 61.2 ಕೆ.ಜಿ.ಗೆ ಇಳಿಯುತ್ತೇನೆ ಎಂದಾಗ ಜಿಮ್ಮಿನಲ್ಲಿ ನಕ್ಕವರೇ ಹೆಚ್ಚು. ಆಮೇಲಿನ ಮೂರು ಪಂದ್ಯಗಳಲ್ಲಿ ಒಮ್ಮೆಯೂ ತೂಕ ತಪ್ಪದಿರುವುದರಿಂದ ಈಗ ಬರೆಯಲು ಅಡ್ಡಿಯಿಲ್ಲ.

ಅದಕ್ಕೂ ಹಿಂದಿನ ಎರಡು ಪಂದ್ಯಗಳ ಕಥೆ ಬೇರೆ. ಮೊದಲ ಸಲ ನಾನೂ ಎಲ್ಲರಂತೆಯೇ ಮಾಡಿದ್ದೆ. 68 ಕೆ.ಜಿ. ಇದ್ದವನು ಎಂಟೇ ದಿನಗಳಲ್ಲಿ ಇಳಿಯಲು ಹೊರಟು, ಕೊನೆಯ ರಾತ್ರಿ ಬೆವರಿನ ಸೂಟ್ ತೊಟ್ಟು ಲಾಡ್ಜಿನ ಬಚ್ಚಲಿನಲ್ಲಿ ಬಿಸಿನೀರಿನ ಹಬೆಯ ನಡುವೆ ಕುಳಿತಿದ್ದೆ. ಬೆಳಿಗ್ಗೆ ಟವೆಲ್ ಅಡ್ಡ ಹಿಡಿಸಿ, ಚಡ್ಡಿಯನ್ನೂ ಕಳಚಿ ನಿಂತರೂ, ಪ್ರಶಸ್ತಿ ಪಂದ್ಯವಲ್ಲವೆಂದು ಸಿಗುವ ಒಂದು ಪೌಂಡಿನ ರಿಯಾಯಿತಿ ಕಳೆದು ಇನ್ನೂ 400 ಗ್ರಾಂನಷ್ಟು ಹೆಚ್ಚಿತ್ತು. ತೂಕ ತಪ್ಪಿದ ದಂಡವಾಗಿ 20 ಸಾವಿರದ ಸಂಭಾವನೆಯಲ್ಲಿ ಐದರಲ್ಲಿ ಒಂದು ಪಾಲು ಎದುರಾಳಿಗೆ ಹೋಯಿತು. ಎರಡನೆಯ ಸುತ್ತಿನಲ್ಲಿ ಮೀನಖಂಡ ಹಿಡಿದುಕೊಂಡು ಸೋತದ್ದರಿಂದ ಗೆಲುವಿನ ಬೋನಸ್ಸೂ ಇಲ್ಲ. ರಕ್ತಪರೀಕ್ಷೆ, ಲಾಡ್ಜು, ಸುತ್ತುಗಳ ನಡುವೆ ನೆರವಾಗುವ ಕಾರ್ನರಿನ ಇಬ್ಬರ ಖರ್ಚು ಸೇರಿ ಮೂರು ನಾಲ್ಕು ಸಾವಿರ ಕೈಯಿಂದಲೇ ಬಿತ್ತು.

ಎರಡನೆಯ ಸಲ ಮುದ್ದೆ, ಅನ್ನ ಎರಡನ್ನೂ ತಿಂಗಳಿಡೀ ಬಿಟ್ಟೆ. ತೂಕವೇನೋ ಸರಿಯಾಯಿತು, ಆದರೆ ಕೇಜಿನ ಬೇಲಿಗೆ ಒತ್ತಿ ಹಿಡಿದವನನ್ನು ತಿರುಗಿಸುವ ಕಸುವೇ ತೋಳಿನಲ್ಲಿರಲಿಲ್ಲ.

ಲೆಕ್ಕ ತಪ್ಪಿದ್ದು ಎಲ್ಲಿ ಎಂಬುದು ತಿಳಿದದ್ದು ಅಡುಗೆಮನೆಯಲ್ಲಿ. ಅಮ್ಮ ಕಣ್ಣಳತೆಯಲ್ಲಿ ಕಟ್ಟಿದ ಮುದ್ದೆಯನ್ನು ಒಂದು ದಿನ ತಕ್ಕಡಿಗಿಟ್ಟರೆ 350 ಗ್ರಾಂ ತೂಗಿತು, ನಾನು ಹೊತ್ತಿಗೆ ಎರಡು ಉಣ್ಣುತ್ತಿದ್ದೆ. ಅಂದಿನಿಂದ ಹಿಟ್ಟನ್ನೇ ತೂಗಿ, ಮಧ್ಯಾಹ್ನಕ್ಕೆ ಒಂದೇ ಮುದ್ದೆ, ರಾತ್ರಿಗೆ ಹುರುಳಿಕಟ್ಟಿನ ಸಾರು ಮತ್ತು ಮೊಟ್ಟೆ ಎಂದು ಹತ್ತು ವಾರ ನಡೆಸಿದೆ. ವಾರಕ್ಕೆ ಅರ್ಧ ಕೆ.ಜಿ.ಯಂತೆ ಇಳಿದು, ಕೊನೆಯ ವಾರಕ್ಕೆ 63ರ ಆಸುಪಾಸಿನಲ್ಲಿದ್ದೆ. ಮುದ್ದೆ ಬಿಟ್ಟದ್ದು ಕೊನೆಯ ಮೂರು ದಿನ ಮಾತ್ರ, ಏಕೆಂದರೆ ರಾಗಿಯ ನಾರು ಕರುಳಿನಲ್ಲೇ ಉಳಿದು ತೂಗುತ್ತದೆ. ಬದಲಿಗೆ ತುಸು ಬಿಳಿ ಅನ್ನ ಉಂಡರೆ ಮುಕ್ಕಾಲು ಕೆ.ಜಿ. ತಾನಾಗಿಯೇ ಹೋಗುತ್ತದೆ. ಉಳಿದ ಒಂದು ಕೆ.ಜಿ.ಯಷ್ಟು ನೀರನ್ನು ಬೆವರಿಸುವುದು ದೊಡ್ಡ ಮಾತಲ್ಲ. ತೂಕ ಕೊಟ್ಟ ಮೇಲೆ ಪಂದ್ಯದವರೆಗಿನ ಒಂದು ದಿನದಲ್ಲಿ ಉಪ್ಪು, ಬೆಲ್ಲ, ನೀರನ್ನು ಯಾವ ಕ್ರಮದಲ್ಲಿ ಕುಡಿಯುತ್ತೇನೆ ಎಂಬುದು ನನ್ನಲ್ಲೇ ಇರಲಿ.

ನಡುವೆ ಜರ್ಕಿನ್ ತೊಟ್ಟು ದೇವರಾಯನದುರ್ಗದ ರಸ್ತೆ ಹತ್ತಿ ಓಡಿಯೂ ನೋಡಿದೆ. ಇಳಿದ ತೂಕ ಎರಡು ಎಳನೀರಿಗೆ ಮರಳಿತು, ಮೊಣಕಾಲಿನ ನೋವು ತಿಂಗಳು ಉಳಿಯಿತು.

ಮೂರನೆಯ ಪಂದ್ಯದಲ್ಲಿ ಐದೈದು ನಿಮಿಷದ ಮೂರೂ ಸುತ್ತು ಕಾದಾಡಿ, ಕೊನೆಯ ಸುತ್ತಿನಲ್ಲೂ ಎರಡು ಸಲ ಕೆಡವಿ, ಬೋನಸ್ ಸೇರಿ 50 ಸಾವಿರ ತಂದೆ. ಅಂದು ನಕ್ಕವರೇ ಈಗ ಫ್ಲೈವೇಟ್‌ನ 56.7ಕ್ಕೂ ಇಳಿಯಬಹುದಲ್ಲ ಎನ್ನುತ್ತಾರೆ. ಅಷ್ಟು ಇಳಿಸಲು ನನ್ನ ಮೈಯಲ್ಲಿ ಕೊಬ್ಬು ಉಳಿದಿಲ್ಲವಾದ್ದರಿಂದ ಆ ಮಾತಿಗೆ ಒಪ್ಪಿಕೊಂಡಿಲ್ಲ.