ಫಿಫ್ತ್ ವೀಲ್ ಕೊಂಡ ಕಥೆ: ಹರ್ಷಿಯಿಂದ ತೂಕದ ಚೀಟಿಯವರೆಗೆ

ಬೆಂಗಳೂರಿನಿಂದ ಪುಣೆ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕಂಟೇನರ್ ಎಳೆಯುವ ಟ್ರೇಲರ್ ಲಾರಿಗಳನ್ನು ನೋಡಿರುತ್ತೀರಿ. ಮುಂದಿನ ಲಾರಿಯ ಬೆನ್ನ ಮೇಲೆ ಗ್ರೀಸ್ ಮೆತ್ತಿದ ದುಂಡನೆ ತಟ್ಟೆ, ಅದರ ಸೀಳಿಗೆ ಬಂದು ಕೂರುವ ಟ್ರೇಲರಿನ ದಪ್ಪ ಪಿನ್ನು. ಆ ತಟ್ಟೆಯೇ ಫಿಫ್ತ್ ವೀಲ್. ಅಮೆರಿಕದಲ್ಲಿ ಅದನ್ನೇ ಪಿಕಪ್ ಟ್ರಕ್ಕಿನ ಹಿಂದೆ ಕೂರಿಸಿ, ಅಡುಗೆಮನೆ, ಬಚ್ಚಲು, ಮಲಗುವ ಕೋಣೆ ಎಲ್ಲ ಇರುವ ಮನೆಯನ್ನೇ ಎಳೆದುಕೊಂಡು ಹೋಗುತ್ತಾರೆ. ಮನೆಗೂ ಅದೇ ಹೆಸರು. ಮಗ ಕಾಲೇಜಿಗೆ ಹೋದ ವರ್ಷ ನ್ಯೂಜೆರ್ಸಿಯಲ್ಲಿರುವ ನಾವಿಬ್ಬರೂ ಅಂಥದ್ದೊಂದು ಕೊಳ್ಳಲು ಹೊರಟೆವು.

ಸಾಫ್ಟ್‌ವೇರಿನವನಲ್ಲವೇ, ಮೊದಲು ಎಕ್ಸೆಲ್ ತೆರೆದೆ. ಹನ್ನೊಂದು ಬ್ರಾಂಡು, ಪ್ರತಿಯೊಂದಕ್ಕೂ ಅಂಕ. ಎರಡು ವಾರ ಕಳೆಯುವಷ್ಟರಲ್ಲಿ ಆ ಪಟ್ಟಿಯ ಮೇಲೆ ನನಗೇ ನಂಬಿಕೆ ಹೋಯಿತು. ಮೊಂಟಾನಾ, ಕೂಗರ್ ಮಾಡುವುದು ಕೀಸ್ಟೋನ್. ಈಗಲ್ ಮಾಡುವುದು ಜೇಕೋ. ಎರಡರ ಒಡೆಯರೂ ಥಾರ್ ಇಂಡಸ್ಟ್ರೀಸ್. ಹಾರ್ಟ್‌ಲ್ಯಾಂಡ್ ಕೂಡ ಅವರದೇ. ಸೀಡರ್ ಕ್ರೀಕ್, ಸ್ಯಾಂಡ್‌ಪೈಪರ್, ರಾಕ್‌ವುಡ್ ಮೂರೂ ಫಾರೆಸ್ಟ್ ರಿವರ್‌ನವು, ಅದು 2005ರಿಂದ ವಾರನ್ ಬಫೆಟ್ ಅವರ ಬರ್ಕ್‌ಶೈರ್ ಹ್ಯಾಥವೇ ಕೈಯಲ್ಲಿದೆ. ಗ್ರ್ಯಾಂಡ್ ಡಿಸೈನನ್ನು 2016ರಲ್ಲಿ ವಿನ್ನೆಬೇಗೊ ಕೊಂಡಿತು. ಈ ಮೂರು ಮನೆತನಗಳ ಹೊರಗೆ ಕಂಡವು 2019ರ ಅಲಯನ್ಸ್, 2022ರ ಬ್ರಿಂಕ್ಲಿಯಂಥ ಹೊಸಬರು. ಬಹುಪಾಲು ಗಾಡಿಗಳು ತಯಾರಾಗುವುದು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತಲೇ. ಕೆಲಸಗಾರರೂ ಒಂದು ಕಾರ್ಖಾನೆ ಬಿಟ್ಟು ಪಕ್ಕದ್ದಕ್ಕೆ ಹೋಗುತ್ತಿರುತ್ತಾರೆ.

ಸೆಪ್ಟೆಂಬರಿನಲ್ಲಿ ಪೆನ್ಸಿಲ್ವೇನಿಯಾದ ಹರ್ಷಿಯಲ್ಲಿ ಆರ್‌ವಿಗಳ, ಅಂದರೆ ಇಂಥ ಚಲಿಸುವ ಮನೆಗಳ ದೊಡ್ಡ ಮೇಳ ನಡೆಯುತ್ತದೆ. ಅಲ್ಲಿ ಎಲ್ಲರೂ ಒಳಗಿನ ಸೋಫಾ, ಬೆಂಕಿಗೂಡು ನೋಡುತ್ತಿದ್ದರೆ ನಾನು ಟಾರ್ಚ್ ಹಿಡಿದು ಗಾಡಿಗಳ ಕೆಳಗೆ ನುಸುಳಿದೆ. ಬೇರೆ ಬೇರೆ ಕಂಪನಿಗಳ ಮೂರು ಗಾಡಿಗಳ ಅಡಿಯಲ್ಲಿ ಲಿಪ್ಪರ್ಟ್ ಎಂಬ ಒಂದೇ ಹೆಸರಿನ ಚೀಟಿ! ಚಾಸಿ ಅವರದು, ಮೆಟ್ಟಿಲು ಅವರದು, ಗಾಡಿಯನ್ನು ಮಟ್ಟಸ ನಿಲ್ಲಿಸುವ ಜ್ಯಾಕುಗಳೂ ಅವರವು. ಅಂದ ಮೇಲೆ ಅಂಕ ಕೊಟ್ಟಿದ್ದು ಯಾವುದಕ್ಕೆ? ಅಲ್ಲಿಂದ ಮುಂದೆ ಬ್ರಾಂಡಿನ ಕಾಲಂ ಅಳಿಸಿ, ಎದುರಿಗೆ ನಿಂತ ಗಾಡಿಯನ್ನೇ ನೋಡತೊಡಗಿದೆ. ಟೈರಿನ ಪಕ್ಕದಲ್ಲಿ ಲೋಡ್ ರೇಂಜ್, ಅಂದರೆ ಭಾರ ಹೊರುವ ತಾಕತ್ತಿನ ಗುರುತು, ಇ ಇದೆಯೋ ಹೆಚ್ಚು ಹೊರುವ ಜಿ ಇದೆಯೋ, ಅಲ್ಲೇ ಒತ್ತಿರುವ ಸಂಕೇತದ ಕೊನೆಯ ನಾಲ್ಕು ಅಂಕಿಯಲ್ಲಿ ತಯಾರಾದ ವಾರ, ವರ್ಷ ಏನಿದೆ, ಛಾವಣಿಯ ಹೊದಿಕೆ ಟಿಪಿಒ, ಪಿವಿಸಿ ಎಂಬ ಎರಡು ಬಗೆಯ ಪ್ಲಾಸ್ಟಿಕ್ ಹಾಳೆಗಳಲ್ಲಿ ಯಾವುದು, ಅಂಚಿನ ಸೀಲಂಟ್ ಬಿರುಕು ಬಿಟ್ಟಿದೆಯಾ. ಏಣಿ ಕೇಳಿದಾಗ ಮುಖ ಸಿಂಡರಿಸಿದ ಸೇಲ್ಸ್‌ನವರೂ ಇದ್ದರು.

ನನ್ನ ಹೆಂಡತಿಯ ಪರೀಕ್ಷೆಗಳು ಇನ್ನೂ ಕಟ್ಟುನಿಟ್ಟು. ಒಂದು ಗಾಡಿಯಲ್ಲಿ ಒಲೆಯ ಮೇಲಿನ ಮೈಕ್ರೋವೇವಿನ ಕೆಳಗೆ ಕೈಯಾಡಿಸಿ, "ರೀ, ಇಲ್ಲಿ ಒಗ್ಗರಣೆ ಹಾಕಿದರೆ ಹೊಗೆ ಎಲ್ಲಿಗೆ ಹೋಗತ್ತೆ?" ಅಂದಳು. ಹೊರಗೋಡೆಯನ್ನು ಸುತ್ತಿ ಹುಡುಕಿದೆ, ಕಿಂಡಿಯೇ ಇರಲಿಲ್ಲ. ಫ್ಯಾನು ಹೊಗೆಯನ್ನು ಒಂದು ಜಾಳಿಗೆಯಲ್ಲಿ ಹಾಯಿಸಿ ಮತ್ತೆ ನಮ್ಮ ಮುಖಕ್ಕೇ ಊದುತ್ತಿತ್ತು. ಒಣಮೆಣಸಿನಕಾಯಿ ಘಾಟು, ತಲೆ ಮೇಲೆ ಸ್ಮೋಕ್ ಅಲಾರ್ಮು, ಸುತ್ತ ಕ್ಯಾಂಪ್‌ಗ್ರೌಂಡಿನ ಜನ. ಆ ಗಾಡಿ ಅಲ್ಲೇ ಪಟ್ಟಿಯಿಂದ ಹೋಯಿತು. ಇನ್ನೊಂದು ಪರೀಕ್ಷೆ, ಸ್ಲೈಡ್‌ಗಳನ್ನೆಲ್ಲ ಒಳಗೆ ಎಳೆಸಿ ನೋಡಿದ್ದು. ನಿಂತಾಗ ಹೊರಕ್ಕೆ ಚಾಚುವ ಆ ಭಾಗಗಳು ದಾರಿಯಲ್ಲಿ ಮುಚ್ಚಿರುತ್ತವೆ. ಮುಚ್ಚಿದಾಗ ಫ್ರಿಜ್ಜಿನ ಬಾಗಿಲು ತೆರೆಯುತ್ತದಾ, ಶೌಚಾಲಯಕ್ಕೆ ನುಸುಳಬಹುದಾ? ನಾವು ಮೆಚ್ಚಿದ್ದ ಎರಡು ಗಾಡಿಗಳು ಇದರಲ್ಲೇ ಬಿದ್ದವು.

ನಾನು ಎಡವಲಿದ್ದದ್ದು ತೂಕದಲ್ಲಿ. ಮೊದಲೇ ಇದ್ದ ಮುಕ್ಕಾಲು ಟನ್ನಿನ (ಅದು ಬರೀ ವರ್ಗದ ಹೆಸರು, ಹೊರುವ ಅಳತೆಯಲ್ಲ) ಡೀಸೆಲ್ ಟ್ರಕ್ ತೋರಿಸಿದರೆ ಸೇಲ್ಸ್‌ನವರೆಲ್ಲ "ಆರಾಮಾಗಿ ಎಳೆಯತ್ತೆ" ಅನ್ನುತ್ತಿದ್ದರು. ಎಳೆಯುತ್ತದೆ, ನಿಜ. ಆದರೆ ಫಿಫ್ತ್ ವೀಲನ್ನು ಎಳೆಯುವುದರ ಜೊತೆಗೆ ಹೊರಲೂ ಬೇಕು. ಗಾಡಿಯ ತೂಕದ 20ರಿಂದ 25 ಶೇಕಡಾ ಪಿನ್ನಿನ ಮೂಲಕ ಟ್ರಕ್ಕಿನ ಬೆನ್ನಿಗೆ ಬೀಳುತ್ತದೆ. ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ ಒಂದು ಹಳದಿ ಸ್ಟಿಕ್ಕರ್ ಇರುತ್ತದೆ. ಜನ, ಸಾಮಾನು ಸೇರಿ ಎಷ್ಟು ಹೊರಬಹುದು ಅಂತ. ನಮ್ಮದರಲ್ಲಿ 2,650 ಪೌಂಡ್. ನಾವು ಆಸೆಪಟ್ಟ ಗಾಡಿಯ ತುಂಬಿದ ತೂಕ 14,000 ಪೌಂಡ್, ಅದರ ಐದನೇ ಒಂದು ಪಾಲೇ 2,800. ನಾವು ಹತ್ತುವ ಮೊದಲೇ ಲೆಕ್ಕ ಮುಗಿಯಿತು. ದೊಡ್ಡ ಟ್ರಕ್ ಕೊಳ್ಳುವುದೋ, ಸಣ್ಣ ಗಾಡಿಗೆ ಇಳಿಯುವುದೋ ಅಂತ ಒಂದು ವಾರ ಮನೆಯಲ್ಲಿ ಚರ್ಚೆ. ಇಳಿದೆವು. 10,000 ಪೌಂಡಿನ ಒಳಗಿನದಾದರೆ ಪಿನ್ನಿಗೆ ಸುಮಾರು 2,000, ಟ್ರಕ್ಕಿನ ಮೇಲೆ ಕೂರುವ ಆ ತಟ್ಟೆಯ ಜೋಡಣೆ, ಅಂದರೆ ಹಿಚ್ಚಿಗೆ 150, ನಮ್ಮಿಬ್ಬರಿಗೆ 310. ಮಿಕ್ಕಿದ್ದು 190. ನಾಯಿ ಸಾಕಿಲ್ಲದಿದ್ದದ್ದು ಒಳ್ಳೆಯದಾಯಿತು.

ವಾರಂಟಿ ಸಾಮಾನ್ಯವಾಗಿ ಒಂದು ವರ್ಷ, ಜೇಕೋದವರದು ಎರಡು. ಕೆಲವರು ಚೌಕಟ್ಟಿಗೆ ಮಾತ್ರ ಮೂರು ಕೊಡುತ್ತಾರೆ. ಆದರೆ ಗಾಡಿಯಲ್ಲೇ ವರ್ಷವಿಡೀ ವಾಸವಿದ್ದರೆ ವಾರಂಟಿ ಇಲ್ಲ ಅಂತ ಸಣ್ಣ ಅಕ್ಷರದ ಸಾಲು ಹಲವರ ಕಾಗದದಲ್ಲಿದೆ. ನಿವೃತ್ತರಾಗಿ ಮನೆ ಮಾರಿ ಹೊರಡುವವರು ಅದನ್ನು ಓದಲೇಬೇಕು.

ಕೊನೆಗೆ ಕೊಂಡದ್ದು ಯಾವ ಕಂಪನಿಯದು ಅಂತ ಹೇಳುವುದಿಲ್ಲ, ಯಾಕೆಂದರೆ ಹೊಚ್ಚಹೊಸ ಗಾಡಿಯಲ್ಲೂ ಹುಳುಕಿತ್ತು. ಹಣ ಕೊಡುವ ಮೊದಲು ಡೀಲರಿಗೆ ಸಂಬಂಧವಿಲ್ಲದ ಇನ್ಸ್‌ಪೆಕ್ಟರ್ ಒಬ್ಬರನ್ನು ಕರೆಸಿದ್ದೆ. ಅರ್ಧ ದಿನ ತಡಕಾಡಿದರು. ಮಲಗುವ ಕೋಣೆಯ ನೆಲದ ಜಾಳಿಗೆಯಲ್ಲಿ ಬಿಸಿ ಗಾಳಿಯೇ ಬರುತ್ತಿರಲಿಲ್ಲ. ಕೈ ಹಾಕಿ ನೋಡಿದರೆ ಕೆಳಗೆ ಕೊಳವೆ ಜೋಡಿಸಿಯೇ ಇರಲಿಲ್ಲ, ಮರದ ಹೊಟ್ಟು ಮಾತ್ರ. ಹೊರಗಿನಿಂದ ಪೈಪಿನಲ್ಲಿ ನೀರು ಹಾಯಿಸಿದಾಗ ಸ್ಲೈಡಿನ ಮೇಲ್ಮೂಲೆಯಲ್ಲಿ ಹನಿ ಇಳಿಯಿತು. ಹದಿನಾಲ್ಕು ತಪ್ಪುಗಳ ಪಟ್ಟಿ ಕೊಟ್ಟು, ಎಲ್ಲ ಸರಿಮಾಡಿದ ಮೇಲೆ ಸಹಿ ಅಂದೆ. ಮೂರು ವಾರ ಹಿಡಿಯಿತು. ಸಹಿ ಹಾಕಿದ ಮೇಲೆ ಕೇಳಿದ್ದರೆ ಮೂರು ತಿಂಗಳಾಗುತ್ತಿತ್ತೇನೋ.

ಮೊದಲ ಪ್ರವಾಸದ ದಿನ ಲಾರಿಗಳು ನಿಲ್ಲುವ ಟ್ರಕ್ ಸ್ಟಾಪಿನಲ್ಲಿ, ವಾಹನ ತೂಗುವ ಕ್ಯಾಟ್ ಸ್ಕೇಲ್ ಮೇಲೆ ನಿಲ್ಲಿಸಿದೆ. ಬರೀ ಟ್ರಕ್ಕು, ಹಿಚ್ಚು, ನಾವಿಬ್ಬರು 7,860 ಪೌಂಡ್. ಗಾಡಿ ಸಿಕ್ಕಿಸಿ ಮತ್ತೆ ನಿಲ್ಲಿಸಿದಾಗ ಟ್ರಕ್ಕಿನ ಎರಡು ಆಕ್ಸಲ್‌ಗಳ ಮೇಲೆ 9,800. ಅಂದರೆ ಪಿನ್ನಿನ ಭಾರ 1,940. ಬ್ರೋಷರಿನಲ್ಲಿದ್ದದ್ದು 1,500, ಅದು ಖಾಲಿ ಗಾಡಿಯದು. ಚೀಟಿ ನೋಡಿ ನಾನು ವೆಟ್ ಗ್ರೈಂಡರ್ ಕಡೆ ತಿರುಗಿದೆ. "ಅದನ್ನು ಮಾತ್ರ ಮುಟ್ಟಬೇಡಿ," ಅಂದಳು, "ನಿಮ್ಮ ಟೂಲ್ ಬಾಕ್ಸ್ ಎಷ್ಟಿದೆ ತೂಗಿ ಮೊದಲು."