ಲಾನ್‌ನಲ್ಲಿ ತಗ್ಗು ಬಿದ್ದಿದೆಯಾ? ಮಣ್ಣು ಸುರಿಯುವ ಮೊದಲು ಕಾರಣ ಹುಡುಕಿ

ಜೋರು ಮಳೆ ನಿಂತು ಅರ್ಧ ಗಂಟೆ ಆದ ಮೇಲೆ ಲಾನ್ ಕಡೆ ಹೋಗಿ ನೋಡಿ. ನೀರು ಎಲ್ಲೆಲ್ಲಿ ನಿಂತಿದೆಯೋ ಅಲ್ಲೆಲ್ಲ ತಗ್ಗು ಇದೆ. ಅಲ್ಲಲ್ಲೇ ಸಣ್ಣ ಕಡ್ಡಿ ಚುಚ್ಚಿ ಗುರುತು ಮಾಡಿಕೊಳ್ಳಿ, ಯಾಕೆಂದರೆ ಒಣಗಿದ ಮೇಲೆ ಹುಲ್ಲಿನ ನಡುವೆ ಒಂದು ಇಂಚು ತಗ್ಗು ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಆಮೇಲೆ ಗಾರೆಯವರು ಪ್ಲಾಸ್ಟರ್ ಎಳೆಯುವ ಅಲ್ಯೂಮಿನಿಯಂ ಪಟ್ಟಿ ಸಿಕ್ಕರೆ ಅದನ್ನು ತಗ್ಗಿನ ಮೇಲೆ ಅಡ್ಡ ಇಟ್ಟು, ಪಟ್ಟಿಗೂ ಮಣ್ಣಿಗೂ ನಡುವೆ ಎಷ್ಟು ಅಂತರ ಇದೆ ಅಂತ ಸ್ಕೇಲ್ ಇಟ್ಟು ಅಳೆಯಿರಿ. ಹುಲ್ಲಿನ ತುದಿಯಿಂದ ಅಲ್ಲ, ಮಣ್ಣಿನಿಂದ ಅಳೆಯಬೇಕು. ಮುಂದೆ ಏನು ಮಾಡಬೇಕು ಅನ್ನುವುದು ಈ ಅಳತೆಯ ಮೇಲೆಯೇ ನಿಂತಿದೆ.

ಕೊರಿಯನ್ ಗ್ರಾಸ್ ಹಾಕಿಸಿದವರಿಗೆ ಇಲ್ಲೇ ಒಂದು ಮಾತು. ಆ ಸಣ್ಣ ಎಲೆಯ ಹುಲ್ಲನ್ನು ಬಹಳ ದಿನ ಕತ್ತರಿಸದೆ ಬಿಟ್ಟರೆ ಅದು ತಾನಾಗಿಯೇ ಗುಡ್ಡೆ ಗುಡ್ಡೆಯಾಗಿ ಉಬ್ಬುತ್ತದೆ. ನೋಡಿದವರು ನೆಲ ಕುಸಿದಿದೆ ಅಂದುಕೊಳ್ಳುತ್ತಾರೆ. ಬೆರಳು ಒಳಗೆ ಹಾಕಿ ಮಣ್ಣು ಮುಟ್ಟಿ ನೋಡಿ. ಮಣ್ಣು ಸಮ ಇದ್ದು ಹುಲ್ಲು ಮಾತ್ರ ಉಬ್ಬಿದ್ದರೆ ನಿಮಗೆ ಮಣ್ಣು ಬೇಡ, ಕತ್ತರಿ ಬೇಕು. ಒಂದೇ ಸಲ ಬೋಳಿಸಬೇಡಿ, ಎರಡು ಮೂರು ವಾರ ಸ್ವಲ್ಪ ಸ್ವಲ್ಪವೇ ಇಳಿಸಿ.

ನೆಲ ಯಾಕೆ ಕುಸಿಯಿತು?

ಇದನ್ನು ಬಿಟ್ಟು ಮುಂದೆ ಹೋಗಬೇಡಿ ಅಂತ ಕೇಳಿಕೊಳ್ಳುತ್ತೇನೆ. ಎಷ್ಟೋ ಮನೆಗಳಲ್ಲಿ ಪ್ರತಿ ವರ್ಷ ಒಂದೇ ಜಾಗಕ್ಕೆ ಕೆಮ್ಮಣ್ಣು ಸುರಿಯುತ್ತಾರೆ, ಪ್ರತಿ ಮಳೆಗಾಲ ಅದು ಮತ್ತೆ ಇಳಿಯುತ್ತದೆ. ಕಾರಣ ಹಾಗೇ ಉಳಿದಿರುತ್ತದೆ, ಅಷ್ಟೇ.

ತಗ್ಗು ಉದ್ದಕ್ಕೆ, ಗೆರೆ ಎಳೆದ ಹಾಗೆ ಇದ್ದರೆ ಕೆಳಗೆ ಪೈಪ್ ಹೋಗಿರಬಹುದು. ಮನೆ ಕಟ್ಟುವಾಗ ನೀರಿನ ಪೈಪಿಗೋ ಒಳಚರಂಡಿಗೋ ಅಗೆದ ಕಾಲುವೆಯನ್ನು ಮಣ್ಣು ತಳ್ಳಿ ಮುಚ್ಚಿ, ದಿಮ್ಮಸು ಹೊಡೆಯದೆ ಬಿಟ್ಟಿರುತ್ತಾರೆ. ಒಂದೆರಡು ಮಳೆಗಾಲ ಇಳಿದು ನಿಂತುಬಿಟ್ಟಿದ್ದರೆ ತೊಂದರೆ ಇಲ್ಲ, ತುಂಬಬಹುದು. ಇನ್ನೂ ಇಳಿಯುತ್ತಲೇ ಇದ್ದರೆ, ಬೇಸಿಗೆಯಲ್ಲೂ ಆ ಗೆರೆ ಮಾತ್ರ ಹಸಿರಾಗಿ ಮೆತ್ತಗೆ ಇದ್ದರೆ, ಪೈಪ್ ಸೋರುತ್ತಿರಬಹುದು. ನೋಡುವುದು ಸುಲಭ. ಸಂಪಿನ ವಾಲ್ವ್ ಮುಚ್ಚಿ, ನೀರು ಬರುವ ಹೊತ್ತಿನಲ್ಲಿ ಮೀಟರ್ ನೋಡಿ. ಎಲ್ಲ ಮುಚ್ಚಿದ್ದರೂ ಮುಳ್ಳು ತಿರುಗುತ್ತಿದ್ದರೆ ಮೀಟರಿಗೂ ಸಂಪಿಗೂ ನಡುವೆ ಸೋರಿಕೆ ಇದೆ. ಸಂಪಿನ ಹತ್ತಿರವೇ ನೆಲ ಕುಸಿದಿದ್ದರೆ ರಾತ್ರಿ ಒಳಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಗುರುತು ಹಾಕಿ, ಪಂಪ್ ಹಾಕದೆ ಬೆಳಿಗ್ಗೆ ನೋಡಿ, ಮಟ್ಟ ಇಳಿದಿದ್ದರೆ ಸಂಪೇ ಸೋರುತ್ತಿದೆ.

ದುಂಡಗೆ, ಒಂದೇ ಕಡೆ ಆಳವಾಗಿ ಕುಸಿದಿದ್ದರೆ ಮೂರು ಅನುಮಾನ ಇಟ್ಟುಕೊಳ್ಳಿ. ಮೊದಲನೆಯದು ಹಳೆಯ ಮರದ ಬುಡ. ತೆಂಗಿನ ಮರ ಕಡಿಸಿ ಬುಡದ ಮೇಲೆ ಮಣ್ಣು ಹಾಕಿ ಲಾನ್ ಮಾಡಿದ್ದರೆ, ಗೆದ್ದಲು ತಿಂದು ಅದು ಕೊಳೆಯುತ್ತಾ ಹೋದ ಹಾಗೆ ಮೇಲಿನ ನೆಲ ಇಳಿಯುತ್ತದೆ. ಕೊಳೆತದ್ದನ್ನು ಪೂರ್ತಿ ತೆಗೆಯದೆ ತುಂಬಿದರೆ ಪ್ರಯೋಜನ ಇಲ್ಲ. ಎರಡನೆಯದು ಹೆಗ್ಗಣ. ಕಾಂಪೌಂಡ್ ಗೋಡೆ ಅಥವಾ ಚರಂಡಿ ಹತ್ತಿರ ಬಿಲ, ಪಕ್ಕದಲ್ಲಿ ಹೊಸ ಮಣ್ಣಿನ ಗುಡ್ಡೆ ಇರುತ್ತದೆ. ಬಿಲದ ಬಾಯಿಗೆ ಸಡಿಲವಾಗಿ ಮಣ್ಣು ಮುಚ್ಚಿ, ಬೆಳಿಗ್ಗೆ ಮತ್ತೆ ತೆರೆದುಕೊಂಡಿದ್ದರೆ ಹೆಗ್ಗಣ ಇನ್ನೂ ಅಲ್ಲೇ ಇದೆ. ಅದನ್ನು ಓಡಿಸಿ, ಬಿಲಕ್ಕೆ ಜಲ್ಲಿ ಮತ್ತು ಸಿಮೆಂಟ್ ಹಾಕಿ ಮುಚ್ಚಿದ ಮೇಲೆಯೇ ಲಾನ್ ಕೆಲಸ.

ಮೂರನೆಯದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಹಳೇ ಬಡಾವಣೆಗಳಲ್ಲಿ ಒಳಚರಂಡಿ ಬರುವ ಮೊದಲು ಮನೆಮನೆಗೂ ಶೌಚದ ಪಿಟ್ (ಗುಂಡಿ) ಇರುತ್ತಿತ್ತು. ಮೇಲೆ ಕಲ್ಲು ಚಪ್ಪಡಿ ಮುಚ್ಚಿ, ಮಣ್ಣು ಹಾಕಿ ಮರೆತಿರುತ್ತಾರೆ. ದುಂಡಗೆ ಅಥವಾ ಚೌಕಾಕಾರದಲ್ಲಿ ನೆಲ ಇದ್ದಕ್ಕಿದ್ದ ಹಾಗೆ ಇಳಿದರೆ, ಕಾಲಿಟ್ಟರೆ ಟೊಳ್ಳು ಸದ್ದು ಬಂದರೆ, ಹಳೇ ಬೋರ್‌ವೆಲ್ ಪಕ್ಕದಲ್ಲೇ ಕುಸಿದಿದ್ದರೆ, ಅಲ್ಲಿ ನಿಲ್ಲಬೇಡಿ. ಸುತ್ತ ಗೂಟ ಹೊಡೆದು ಹಗ್ಗ ಕಟ್ಟಿ, ಮಕ್ಕಳನ್ನು ಆ ಕಡೆ ಬಿಡಬೇಡಿ, ಗೊತ್ತಿರುವ ಮೇಸ್ತ್ರಿಯನ್ನೋ ಎಂಜಿನಿಯರನ್ನೋ ಕರೆಸಿ ತೋರಿಸಿ. ಅದು ಲಾನ್ ಕೆಲಸ ಅಲ್ಲವೇ ಅಲ್ಲ.

ಉಳಿದ ಕಾರಣಗಳು ಸಣ್ಣವು. ಸಜ್ಜಾದಿಂದ ನೀರು ಬೀಳುವ ಜಾಗದಲ್ಲಿ ಮಣ್ಣು ಕೊಚ್ಚಿ ಹೋಗಿರುತ್ತದೆ, ಅಲ್ಲಿಗೆ ಪೈಪ್ ಕೊಡಿಸಿ ಅಥವಾ ಕೆಳಗೆ ಜಲ್ಲಿ ಹಾಕಿ. ಗೇಟಿನಿಂದ ಬಾಗಿಲವರೆಗೆ ಎಲ್ಲರೂ ಒಂದೇ ದಾರಿಯಲ್ಲಿ ಓಡಾಡಿ ತಗ್ಗಾಗಿದ್ದರೆ ಸಾದರಹಳ್ಳಿ ಕಲ್ಲಿನ (ಬೂದು ಗ್ರಾನೈಟ್) ಚಪ್ಪಡಿ ಹಾಕಿಸಿಬಿಡಿ. ಕಲ್ಲಿನ ಮೇಲ್ಮೈ ಮಣ್ಣಿನ ಮಟ್ಟಕ್ಕೇ ಇರಲಿ, ಆಗ ಕತ್ತರಿಸುವ ಮಷೀನ್ ಮೇಲಿನಿಂದಲೇ ಹೋಗುತ್ತದೆ.

ಯಾವ ಮಣ್ಣು ಹಾಕಬೇಕು

ಬರೀ ಮರಳು ಹಾಕಿ ಅಂತ ತುಂಬಾ ಜನ ಹೇಳುತ್ತಾರೆ. ಗಾಲ್ಫ್ ಮೈದಾನದಲ್ಲಿ, ಕ್ರಿಕೆಟ್ ಮೈದಾನದಲ್ಲಿ ಮರಳೇ ಹಾಕುವುದಲ್ವಾ ಅನ್ನುತ್ತಾರೆ. ನಿಜ, ಆದರೆ ಅಲ್ಲಿಯ ಕಥೆ ಬೇರೆ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಔಟ್‌ಫೀಲ್ಡ್ ಕೆಳಗೆ ಮರಳಿನ ದಪ್ಪ ಪದರ ಇದೆ, ಅದರ ಅಡಿಯಲ್ಲಿ ಪೈಪುಗಳಿವೆ, 2017ರಲ್ಲಿ ಶುರುವಾದ ಸಬ್‌ಏರ್ ವ್ಯವಸ್ಥೆ ಮಳೆ ನೀರನ್ನು ಕೆಳಗಿನಿಂದ ಎಳೆದುಕೊಳ್ಳುತ್ತದೆ. ನಮ್ಮ ಮನೆ ಮುಂದೆ ಇರುವುದು ಜಿಗುಟು ಕೆಂಪು ಮಣ್ಣು. ಅದರ ಗುಂಡಿಗೆ ಬರೀ ಮರಳು ತುಂಬಿದರೆ ಬಟ್ಟಲಿನಲ್ಲಿ ನಿಂತ ಹಾಗೆ ನೀರು ಮರಳಿನೊಳಗೆ ನಿಲ್ಲುತ್ತದೆ, ಬೇಸಿಗೆಯಲ್ಲಿ ಅದೇ ಜಾಗ ಎಲ್ಲಕ್ಕಿಂತ ಮೊದಲು ಒಣಗುತ್ತದೆ.

ಇರುವ ಮಣ್ಣಿಗೆ ಹತ್ತಿರದ ಮಣ್ಣನ್ನೇ ಹಾಕಬೇಕು. ಕೆಂಪು ಮಣ್ಣಿನ ಕಡೆ ನನಗೆ ಸರಿ ಅನ್ನಿಸುವ ಅಳತೆ ಇದು: ಎರಡು ಬಾಂಡ್ಲಿ ಜರಡಿ ಹಿಡಿದ ಕೆಮ್ಮಣ್ಣು, ಎರಡು ಬಾಂಡ್ಲಿ ಮರಳು, ಒಂದು ಬಾಂಡ್ಲಿ ಚೆನ್ನಾಗಿ ಕಳಿತ ಗೊಬ್ಬರ. ಗೊಬ್ಬರ ಜಾಸ್ತಿ ಹಾಕುವ ಆಸೆ ಬರುತ್ತದೆ, ಹಾಕಬೇಡಿ. ಅದು ಮಣ್ಣಿನಲ್ಲಿ ಕರಗುತ್ತಾ ಹೋಗುತ್ತದೆ, ಕರಗಿದಷ್ಟೂ ನೆಲ ಇಳಿಯುತ್ತದೆ. ತೆಂಗಿನ ನಾರಿನ ಪುಡಿಯದೂ ಇದೇ ಪಾಡು. ಕುಂಡಕ್ಕೆ ಅದು ಚೆನ್ನ, ತಗ್ಗು ತುಂಬಲು ಅಲ್ಲ. ಹಸಿ ಸಗಣಿ ಗೊಬ್ಬರವಂತೂ ಬೇಡವೇ ಬೇಡ, ಗೆದ್ದಲು ಬರುತ್ತದೆ, ಕಳೆ ಬೀಜವೂ ಬರುತ್ತದೆ.

ಮರಳಿನ ಬದಲು ಎಂ ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು, ಆಗುತ್ತದಾ? ಆಗುತ್ತದೆ, ಆದರೆ ಅದರ ಧೂಳು ನೀರು ಬಿದ್ದರೆ ಹೆಪ್ಪುಗಟ್ಟಿ ಗಟ್ಟಿಯಾಗುತ್ತದೆ. ಒಂದು ಹಿಡಿ ಎಂ ಸ್ಯಾಂಡನ್ನು ಗಾಜಿನ ಲೋಟದ ನೀರಿಗೆ ಹಾಕಿ ಕಲಕಿ, ಮೇಲೆ ದಪ್ಪ ಕೆಸರಿನ ಪದರ ಕೂತರೆ ತೊಳೆಯದೆ ಬಳಸಬೇಡಿ. ಕರಾವಳಿಯವರು ಸಮುದ್ರದ ಮರಳಿನ ಯೋಚನೆಯನ್ನೇ ಬಿಡಿ, ಉಪ್ಪು ಹುಲ್ಲನ್ನು ಸುಡುತ್ತದೆ.

ಜರಡಿ ಹಿಡಿಯುವುದು ಕಲ್ಲು ತೆಗೆಯುವುದಕ್ಕೆ ಮಾತ್ರ ಅಲ್ಲ. ಲೋಡಿನಲ್ಲಿ ಬಂದ ಮಣ್ಣಿನ ಜೊತೆ ಜೇಕು ಅನ್ನುವ ಕಳೆಯ ಗಡ್ಡೆ ಬರುತ್ತದೆ, ಒಮ್ಮೆ ಲಾನಿಗೆ ಹೊಕ್ಕರೆ ಕಿತ್ತಷ್ಟೂ ಬರುತ್ತಲೇ ಇರುತ್ತದೆ. ಕಪ್ಪಗೆ, ಕಡಲೆಕಾಳಿನ ಗಾತ್ರದ ಗಡ್ಡೆ ಕಂಡರೆ ಆರಿಸಿ ಬಿಸಾಡಿ. ಸಮಯ ಇದ್ದರೆ ಮಣ್ಣನ್ನು ಒಂದು ಮೂಲೆಯಲ್ಲಿ ಹರಡಿ, ನೀರು ಚಿಮುಕಿಸಿ ಎರಡು ವಾರ ಬಿಡಿ. ಜೇಕು, ಪಾರ್ಥೇನಿಯಂ ಏನಿದ್ದರೂ ಮೊಳೆಯುತ್ತದೆ, ಕಿತ್ತು ಹಾಕಿ ಆಮೇಲೆ ಬಳಸಿ.

ಎಷ್ಟು ಬೇಕು ಅನ್ನುವ ಲೆಕ್ಕ ಸುಲಭ. ಒಂದು ಚದರ ಮೀಟರ್ ಜಾಗಕ್ಕೆ 1 ಸೆಂಟಿಮೀಟರ್ ದಪ್ಪ ಹರಡಲು 10 ಲೀಟರ್ ಮಣ್ಣು. 50 ಕೆಜಿ ಸಿಮೆಂಟಿನ ಖಾಲಿ ಚೀಲದಲ್ಲಿ ಸುಮಾರು 35 ಲೀಟರ್ ಹಿಡಿಯುತ್ತದೆ, ಅಂದರೆ ಒಂದು ಚೀಲ ಮೂರೂವರೆ ಚದರ ಮೀಟರಿಗೆ. ಒತ್ತಿದಾಗ ಇಳಿಯುತ್ತದೆ, ಆದ್ದರಿಂದ ಕಾಲು ಭಾಗ ಜಾಸ್ತಿ ತರಿಸಿ.

ಎರಡು ಮೂರು ಸೆಂಟಿಮೀಟರ್ ಒಳಗಿನ ತಗ್ಗು

ಇದಕ್ಕೆ ಹುಲ್ಲು ಕೀಳಬೇಕಾಗಿಲ್ಲ. ಮೇಲಿನಿಂದಲೇ ಸ್ವಲ್ಪ ಸ್ವಲ್ಪ ಮಣ್ಣು ಹಾಕಿ, ಹುಲ್ಲು ಅದರೊಳಗಿಂದ ಎದ್ದು ಬರುವ ಹಾಗೆ ಮಾಡುವುದು.

ಹುಲ್ಲನ್ನು ಗಿಡ್ಡ ಕತ್ತರಿಸಿ, ಬುಡದಲ್ಲಿ ಕೂತ ಒಣ ಹುಲ್ಲನ್ನು ಕುಂಟೆಯಿಂದ ಎಳೆದು ತೆಗೆಯಿರಿ. ಕಬ್ಬಿಣದ ಸಲಾಕೆಯಿಂದ ತಗ್ಗಿನ ಉದ್ದಕ್ಕೂ ಒಂದು ಗೇಣಿಗೆ ಒಂದರಂತೆ ತೂತು ಮಾಡಿ, ಹೊಸ ಮಣ್ಣು ಹಳೇ ಮಣ್ಣಿನ ಜೊತೆ ಬೆರೆಯಬೇಕಲ್ಲ. ನಂತರ ಒಣಗಿದ ಮಿಶ್ರಣ ಹರಡಿ, ಹಸಿ ಇದ್ದರೆ ಉಂಡೆಕಟ್ಟುತ್ತದೆ. ಒಂದು ಸಲಕ್ಕೆ 1 ಸೆಂಟಿಮೀಟರಿಗಿಂತ ಜಾಸ್ತಿ ಬೇಡ. ಪಟ್ಟಿಯಿಂದ ಎಳೆದು ಸಮ ಮಾಡಿ, ಕಡ್ಡಿ ಪೊರಕೆಯಲ್ಲಿ ಹಿಂದೆ ಮುಂದೆ ಗುಡಿಸಿ ಮಣ್ಣು ಬುಡಕ್ಕೆ ಇಳಿಯುವ ಹಾಗೆ ಮಾಡಿ. ಕೆಲಸ ಮುಗಿದಾಗ ಹುಲ್ಲಿನ ತುದಿಗಳು ಮೇಲೆ ಕಾಣುತ್ತಿರಬೇಕು. ಕಾಣದಿದ್ದರೆ ಮಣ್ಣು ಜಾಸ್ತಿಯಾಗಿದೆ, ತೆಗೆಯಿರಿ. ತೂತು ಮೂತಿಯ ನೀರಿನ ಕ್ಯಾನಿನಲ್ಲೋ ಸಣ್ಣ ಹನಿಯ ಪೈಪಿನಲ್ಲೋ ನೀರು ಹಾಕಿ, ಜೋರು ಧಾರೆ ಬಿಟ್ಟರೆ ಹರಡಿದ್ದೆಲ್ಲ ಒಂದು ಕಡೆ ಸೇರುತ್ತದೆ.

ಹುಲ್ಲು ಎದ್ದು, ಒಂದೆರಡು ಸಲ ಕತ್ತರಿಸುವಷ್ಟು ಬೆಳೆದ ಮೇಲೆ ಮುಂದಿನ ಪದರ. ಗರಿಕೆ ಜಾತಿಯ ಹುಲ್ಲಾದರೆ ಮೂರು ನಾಲ್ಕು ವಾರ ಸಾಕು, ಅದು ಬೇಗ ಏಳುತ್ತದೆ. ಕೊರಿಯನ್ ಗ್ರಾಸ್ ನಿಧಾನ, ಅದಕ್ಕೆ ಅರ್ಧ ಸೆಂಟಿಮೀಟರ್ ಮಾತ್ರ ಹಾಕಿ ಜಾಸ್ತಿ ದಿನ ಕಾಯಿರಿ. ಅವಸರ ಇದ್ದವರಿಗೆ ಇದು ಬೇಸರ ತರಿಸುತ್ತದೆ, ಗೊತ್ತು. ಆದರೆ ಒಂದೇ ದಿನ ಮೂರು ಸೆಂಟಿಮೀಟರ್ ಮಣ್ಣು ಹೊದಿಸಿದರೆ ಕೆಳಗಿನ ಹುಲ್ಲಿಗೆ ಬೆಳಕು ಸಿಗದೆ ಕೊಳೆಯುತ್ತದೆ, ಆಮೇಲೆ ಹೊಸ ಹುಲ್ಲಿನ ಶೀಟ್ ತರಬೇಕಾಗುತ್ತದೆ.

ರೋಲರ್ ಬಗ್ಗೆ ಕೇಳುವವರಿದ್ದಾರೆ. ಉಬ್ಬು ತಗ್ಗನ್ನು ರೋಲರ್ ಸರಿ ಮಾಡುವುದಿಲ್ಲ. ಹಸಿ ಜಿಗುಟು ಮಣ್ಣಿನ ಮೇಲೆ ಎಳೆದರೆ ನೆಲ ಇಟ್ಟಿಗೆಯಷ್ಟು ಗಟ್ಟಿಯಾಗಿ, ಬೇರು ಇಳಿಯದೆ ನೀರೂ ಇಂಗದೆ ಹೋಗುತ್ತದೆ.

ಅದಕ್ಕಿಂತ ಆಳ ಇದ್ದರೆ

ಹುಲ್ಲನ್ನು ಬಿಡಿಸಿ ತುಂಬಬೇಕು. ಹಿಂದಿನ ಸಂಜೆ ನೀರು ಹಾಯಿಸಿ. ಚೂಪಾದ ಸಲಿಕೆಯಿಂದ ತಗ್ಗಿನ ನಡುವೆ ಕೂಡಿಸುವ ಚಿಹ್ನೆಯ ಆಕಾರದಲ್ಲಿ, ಆಚೀಚೆ ಗಟ್ಟಿ ನೆಲದವರೆಗೂ ಕೊಯ್ಯಿರಿ. ನಾಲ್ಕೈದು ಸೆಂಟಿಮೀಟರ್ ಬೇರು ಮಣ್ಣಿನ ಸಮೇತ ನಾಲ್ಕು ಮೂಲೆಗಳನ್ನು ಹೊರಗೆ ಮಡಚಿ, ಒದ್ದೆ ಗೋಣಿಚೀಲ ಮುಚ್ಚಿ. ಬಿಸಿಲಿಗೆ ಬಿಟ್ಟರೆ ಮಧ್ಯಾಹ್ನದೊಳಗೆ ಬೇರು ಒಣಗುತ್ತದೆ. ಕೆಳಗೆ ಇಟ್ಟಿಗೆ ಚೂರು, ಗಾರೆ, ಪ್ಲಾಸ್ಟಿಕ್ ಏನೇ ಸಿಕ್ಕರೂ ತೆಗೆಯಿರಿ. ಹೊಸ ಮನೆಗಳಲ್ಲಿ ಇದು ಸಿಕ್ಕೇ ಸಿಗುತ್ತದೆ.

ತಳವನ್ನು ಸಡಿಲಿಸಿ, ಐದು ಸೆಂಟಿಮೀಟರಿನಷ್ಟು ಮಣ್ಣು ಹಾಕುತ್ತಾ ಪ್ರತಿ ಪದರವನ್ನೂ ಕಾಲಿನಿಂದ ಅಥವಾ ದಿಮ್ಮಸಿನಿಂದ ಒತ್ತಿ. ಮಣ್ಣು ಸ್ವಲ್ಪ ತೇವ ಇರಬೇಕು: ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳಿನಿಂದ ತಟ್ಟಿದರೆ ಒಡೆಯಬೇಕು. ಕೆಳಗಿನ ಪದರಗಳಿಗೆ ಗೊಬ್ಬರ ಬೇಡ, ಮೇಲಿನ ಒಂದು ಪದರಕ್ಕೆ ಸಾಕು. ಹುಲ್ಲನ್ನು ವಾಪಸ್ ಹಾಸಿದಾಗ ಸುತ್ತಲಿಗಿಂತ ಒಂದು ಸೆಂಟಿಮೀಟರ್ ಮೇಲೆ ಇರಲಿ, ಅದು ಇಳಿಯುತ್ತದೆ. ಕೊಯ್ದ ಗೆರೆಗಳಿಗೆ ಮರಳು ಬೆರೆಸಿದ ಮಣ್ಣು ತುಂಬಿ ನೀರು ಹಾಕಿ. ಎರಡು ವಾರ ಮೇಲೆ ಓಡಾಡಬೇಡಿ.

ಒಂದು ಅಡಿಗಿಂತ ಆಳದ ಗುಂಡಿಯಾದರೆ ಮುಚ್ಚಿದ ದಿನವೇ ಹುಲ್ಲು ಹಾಕುವ ಆತುರ ಬೇಡ. ತುಂಬಿ, ಒತ್ತಿ, ಒಂದು ಮಳೆಗಾಲ ಕಳೆಯಲಿ.

ತುಂಬುವಾಗ ಇಳಿಜಾರನ್ನು ಮರೆಯಬೇಡಿ. ನೀರು ಮನೆಯಿಂದ ದೂರ ಹೋಗಬೇಕು, ಮೀಟರಿಗೆ ಎರಡು ಸೆಂಟಿಮೀಟರ್ ಇಳಿಜಾರು ಇದ್ದರೆ ಸಾಕು. ಗೋಡೆಯಿಂದ ಕಾಂಪೌಂಡಿನವರೆಗೆ ದಾರ ಕಟ್ಟಿ ರಸಮಟ್ಟ ಇಟ್ಟು ನೋಡಿ. ವರ್ಷ ವರ್ಷ ಮಣ್ಣು ಹಾಕಿ ಲಾನ್ ಮನೆಯ ತಳಪಾಯದ ಮಟ್ಟಕ್ಕಿಂತ ಮೇಲೆ ಬಂದರೆ ಗೋಡೆಗೆ ತೇವ ಏರುತ್ತದೆ. ಒಳಚರಂಡಿ ಚೇಂಬರ್ ಮುಚ್ಚಳವನ್ನೂ ಹೂತು ಹಾಕಬೇಡಿ.

ಯಾವಾಗ ಮಾಡಬೇಕು

ಹುಲ್ಲು ಜೋರಾಗಿ ಬೆಳೆಯುವ ಕಾಲದಲ್ಲಿ. ಬೆಂಗಳೂರು, ಮೈಸೂರು ಕಡೆ ಮೇ ತಿಂಗಳ ಮಳೆ ಬಿದ್ದ ಮೇಲೆ ಆಗಸ್ಟ್ ತನಕ ಒಳ್ಳೆಯದು. ಬೆಂಗಳೂರಿನಲ್ಲಿ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲೇ ಮಳೆ ಹೆಚ್ಚು, ಅಷ್ಟರೊಳಗೆ ಹುಲ್ಲು ಮಣ್ಣನ್ನು ಹಿಡಿದುಕೊಂಡಿರಬೇಕು. ಡಿಸೆಂಬರ್, ಜನವರಿಯ ಚಳಿಯಲ್ಲಿ ಹುಲ್ಲು ಏಳುವುದೇ ಇಲ್ಲ, ಆಗ ಬೇಡ. ಹೊಸ ಚಿಗುರು ಕಂಡ ಮೇಲೆ ಚದರ ಮೀಟರಿಗೆ 10 ಗ್ರಾಂ ಯೂರಿಯಾ ಎರಚಿ, ತಕ್ಷಣ ಚೆನ್ನಾಗಿ ನೀರು ಹಾಕಿ. ಎಲೆಯ ಮೇಲೆ ಹರಳು ಉಳಿದರೆ ಸುಡುತ್ತದೆ.

ಮಂಗಳೂರು, ಉಡುಪಿ ಕಡೆಯವರು ಜೂನ್, ಜುಲೈನಲ್ಲಿ ಕೈ ಹಾಕಬೇಡಿ, ಹರಡಿದ ಮಣ್ಣು ರಾತ್ರಿ ಬೆಳಗಾಗುವುದರೊಳಗೆ ಚರಂಡಿ ಸೇರುತ್ತದೆ. ಮಳೆ ಬಿಡುವು ಕೊಡುವ ಸೆಪ್ಟೆಂಬರ್ ಸರಿಯಾದ ಸಮಯ. ಧಾರವಾಡ, ಗದಗ, ವಿಜಯಪುರದ ಎರೆ ಮಣ್ಣಿನವರದು ಇನ್ನೊಂದು ಕಷ್ಟ. ಆ ಮಣ್ಣು ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಏಪ್ರಿಲ್‌ನಲ್ಲಿ ಬಿರುಕು ನೋಡಿ ಗಾಬರಿಯಾಗಿ ಮಣ್ಣು ತುಂಬಿದರೆ ಜುಲೈನಲ್ಲಿ ಅದೇ ಜಾಗ ಮೇಲೆದ್ದು ಗುಡ್ಡೆಯಾಗುತ್ತದೆ. ಮಳೆ ಬಿದ್ದು ಬಿರುಕೆಲ್ಲ ಮುಚ್ಚಿಕೊಂಡ ಮೇಲೂ ಉಳಿದ ತಗ್ಗು ಯಾವುದೋ ಅದನ್ನು ಮಾತ್ರ ತುಂಬಿ, ಬೇಸಿಗೆಯಲ್ಲಿ ವಾರಕ್ಕೊಮ್ಮೆಯಾದರೂ ಆಳಕ್ಕೆ ನೀರು ಹಾಯಿಸುತ್ತಿದ್ದರೆ ಬಿರುಕು ಬೀಳುವುದೂ ಕಡಿಮೆಯಾಗುತ್ತದೆ.